ಕೋ-ಪಿಜಿಗೆ ಏನು ಹೇಳಿ ಸಮಾಧಾನ ಮಾಡಲಿ ಎಂದು ಕೇಳಿದವರಿಗೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಂಗಳೂರಿನಲ್ಲಿ ಎಂಬಿಬಿಎಸ್ ಮುಗಿಸಿ ಪಿಜಿ, ಅಂದರೆ ಸ್ನಾತಕೋತ್ತರ ಓದು; ಮೆಡಿಸಿನ್ ಫಸ್ಟ್ ಇಯರ್. ಜೊತೆಯ ಪಿಜಿ ತನ್ನ ರೋಗಿ ತೀರಿಕೊಂಡ ದಿನದಿಂದ ಸರಿಯಾಗಿ ಮಾತಾಡುತ್ತಿಲ್ಲ. ಶನಿವಾರ ಮತ್ತೆ ಅದೇ ವಾರ್ಡಿನಲ್ಲಿ ಅವಳಿಗೆ ನೈಟ್. ಏನು ಹೇಳಿದರೆ ಸಮಾಧಾನ ಆದೀತು, ಆನ್‌ಲೈನ್ ಕೌನ್ಸೆಲಿಂಗ್ ಕೋರ್ಸ್ ಮಾಡಿಕೊಳ್ಳಲಾ, ಇಲ್ಲ ಸೀನಿಯರ್‌ಗಳಿಗೆ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ನನಗೆ 2019ರ ಜುಲೈ ನೆನಪಾಯಿತು.

ಆಗ ನಾನೂ ಫಸ್ಟ್ ಇಯರ್. ಮಂಗಳೂರಿನದೇ ಒಂದು ಆಸ್ಪತ್ರೆ, ಹೆಸರು ಬೇಡ. ಸೇರಿ ಎರಡು ತಿಂಗಳಾಗಿತ್ತು ಅಷ್ಟೆ. ಆ ಮಳೆಗಾಲ ಊರಿನವರಿಗೆ ಮರೆತಿರಲಿಕ್ಕಿಲ್ಲ. ಗುಜ್ಜರಕೆರೆ ಸುತ್ತಮುತ್ತ ಮನೆಮನೆಗೆ ಡೆಂಗ್ಯೂ, ಆಮೇಲೆ ಊರಿಡೀ. ವಾರ್ಡಿನಲ್ಲಿ ಮಂಚಗಳ ನಡುವೆ ಟ್ರಾಲಿ ನೂಕಲು ಜಾಗ ಇರಲಿಲ್ಲ. ನಾನು ಮತ್ತು ನನ್ನ ಕೋ-ಪಿಜಿ ಒಂದೇ ಯುನಿಟ್. ಹಾಸ್ಟೆಲಿನಲ್ಲಿ ಎದುರುಬದುರು ರೂಮು. ಅವಳು ಘಟ್ಟದ ಮೇಲಿನವಳು. ಬಂದ ಹೊಸತರಲ್ಲಿ ತುಳು ಗೊತ್ತಾಗದೆ ಒದ್ದಾಡುತ್ತಿದ್ದಳು. ಜುಲೈ ಬರುವಷ್ಟರಲ್ಲಿ ರೋಗಿಗಳ ಮನೆಯವರನ್ನು 'ವನಸ್ ಆಂಡಾ?' ಎಂದು ಊಟ ವಿಚಾರಿಸುವಷ್ಟು ಕಲಿತಿದ್ದಳು.

ಅವತ್ತು ಅವಳ ನೈಟ್. ನನಗೆ ಡ್ಯೂಟಿ ಇರಲಿಲ್ಲ, ಮಲಗಿದ್ದೆ. ಬೆಳಗಿನ ಜಾವ ಮೂರರ ಹೊತ್ತಿಗೆ ಬಾಗಿಲು ಬಡಿದ ಸದ್ದು. ತೆಗೆದರೆ ಅವಳು. ವಾರ್ಡನ್ನು ಇಂಟರ್ನ್ ಕೈಗೆ ಕೊಟ್ಟು ಹದಿನೈದು ನಿಮಿಷಕ್ಕೆಂದು ಮಳೆಯಲ್ಲೇ ಓಡಿ ಬಂದಿದ್ದಳು. ಏಪ್ರನ್ ತೊಯ್ದು ಮೈಗೆ ಅಂಟಿತ್ತು. ಸ್ಟೆತ್ ಇನ್ನೂ ಕತ್ತಿನಲ್ಲೇ ಇತ್ತು.

"ಆ ಹುಡುಗ ಹೋದ" ಎಂದಳು.

ಯಾವ ಹುಡುಗ ಎಂದು ನನಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷ. ಹಿಂದಿನ ದಿನ ಜ್ವರ ಬಿಟ್ಟಿತ್ತು, ಮನೆಗೆ ಯಾವಾಗ ಕಳಿಸ್ತೀರಿ ಅಂತ ತಾಯಿ ಕೇಳಿದ್ದರು. ನಾನು ಆಗ ಬಾಯಿ ತೆರೆದು ಹೇಳಿದ ಮೊದಲ ಮಾತು ಇದು:

"ಕೊನೆಯ ಪಿಸಿವಿ ಎಷ್ಟಿತ್ತು?"

ಡಾಕ್ಟರಲ್ಲದವರಿಗೆ ಇದು ಏನೂ ಅಲ್ಲದ ಪ್ರಶ್ನೆ ಅನ್ನಿಸಬಹುದು. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡೆಂಗ್ಯೂನಲ್ಲಿ ಜ್ವರ ಇರುವ ದಿನಗಳಿಗಿಂತ ಜ್ವರ ಇಳಿಯುವ ಹೊತ್ತು ಜಾಸ್ತಿ ಅಪಾಯದ್ದು. ಸಾಮಾನ್ಯವಾಗಿ ನಾಲ್ಕರಿಂದ ಆರನೇ ದಿನದ ಆಸುಪಾಸು. ಮನೆಯವರು ವಾಸಿಯಾಯಿತು ಎಂದುಕೊಳ್ಳುತ್ತಾರೆ, ಅದೇ ಹೊತ್ತಿಗೆ ಕೆಲವರಲ್ಲಿ ರಕ್ತನಾಳದ ಒಳಗಿನ ನೀರಿನಂಶ ಹೊರಗೆ ಸೋರಲು ಶುರುವಾಗುತ್ತದೆ. ರಕ್ತ ಮಂದವಾಗುತ್ತದೆ. ಅದನ್ನು ಹಿಡಿದುಕೊಡುವುದು ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಎಂಬ ಲೆಕ್ಕ. ಅದು ಏರುತ್ತಿದ್ದರೆ ಡ್ರಿಪ್ ಹೆಚ್ಚಿಸಬೇಕು, ಬಿಪಿ ಮೇಲೆ ಕಣ್ಣಿಡಬೇಕು. ಹಾಗಾಗಿ ಡೆಂಗ್ಯೂ ವಾರ್ಡಿನಲ್ಲಿ 'ಪಿಸಿವಿ ಎಷ್ಟಿತ್ತು' ಎಂದು ಕೇಳಿದರೆ ಅದರೊಳಗೆ ಇನ್ನೊಂದು ಪ್ರಶ್ನೆ ಇರುತ್ತದೆ: ನೀನು ನೋಡಿದ್ದೆಯಾ, ಇಲ್ಲವಾ?

ಅವಳು ಎಡಗೈ ತಿರುಗಿಸಿ ನೋಡಿಕೊಂಡಳು. ಆಗ ನಾವೆಲ್ಲ ರಿಪೋರ್ಟ್ ಬಂದ ಹಾಗೆ ನಂಬರುಗಳನ್ನು ಬಾಲ್‌ಪೆನ್ನಿನಲ್ಲಿ ಮಣಿಕಟ್ಟಿನ ಒಳಬದಿಗೆ ಬರೆದುಕೊಳ್ಳುತ್ತಿದ್ದೆವು. ಮಳೆನೀರಿಗೆ ಶಾಯಿ ಹರಡಿತ್ತು. ಬೆರಳಿಟ್ಟು ಓದಿದಳು. "41. ಆರು ಗಂಟೆಗೆ 44. ಹತ್ತಕ್ಕೆ 48. ಫ್ಲೂಯಿಡ್ ಜಾಸ್ತಿ ಮಾಡಿದೆ. ಹನ್ನೆರಡಕ್ಕೆ ಐಸಿಯುಗೆ ಶಿಫ್ಟ್ ಮಾಡಿದೆ." ರೌಂಡ್ಸಿನಲ್ಲಿ ಚೀಫ್‌ಗೆ ಒಪ್ಪಿಸುವ ಹಾಗೆ, ಅದೇ ದನಿಯಲ್ಲಿ.

ನಾನು ನಿಲ್ಲಿಸಲಿಲ್ಲ. ಆರರಿಂದ ಹತ್ತರ ನಡುವೆ ಇನ್ನೊಂದು ಸಲ ಕಳಿಸಿರಲಿಲ್ವಾ ಅಂತ ಕೇಳಿದೆ. "ಇಲ್ಲ" ಎಂದಳು. ಒಂದು ಕ್ಷಣ ನಿಂತಳು. "ಸರಿ, ವಾರ್ಡ್ ಇಂಟರ್ನ್ ಕೈಲಿ ಬಿಟ್ಟು ಬಂದಿದ್ದೇನೆ" ಎಂದು ಹೊರಟುಹೋದಳು. ಟೀ ಮಾಡಲೆಂದು ಕೆಟಲ್‌ಗೆ ಸ್ವಿಚ್ ಹಾಕಿದ್ದೆ. ನೀರು ಕುದಿಯುವ ಮೊದಲೇ ಹೋಗಿಯಾಗಿತ್ತು.

ಆ ಪ್ರಶ್ನೆ ಯಾಕೆ ಕೇಳಿದೆ ಎಂದು ವರ್ಷಗಟ್ಟಲೆ ಯೋಚಿಸಿದ್ದೇನೆ. ಮೊದಲು ಅಂದುಕೊಂಡದ್ದು, ಅದು ಅಭ್ಯಾಸಬಲ ಅಂತ. ಸಾವು ಎಂದ ಕೂಡಲೇ ಕಾರಣ ಹುಡುಕುವುದನ್ನೇ ನಮಗೆ ಕಲಿಸಿರುತ್ತಾರೆ. ಅದು ಅರ್ಧ ನಿಜ. ಉಳಿದರ್ಧ ಹೇಳಲು ಕಷ್ಟ, ಆದರೂ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವ ಸಾಧ್ಯತೆ ಉಂಟು. ನನಗೆ ಹೆದರಿಕೆಯಾಗಿತ್ತು. ಮರುದಿನ ರಾತ್ರಿ ಅದೇ ವಾರ್ಡು, ಅದೇ ಜ್ವರ, ಡ್ಯೂಟಿ ನನ್ನದು. ಅವಳು ಏನೋ ಒಂದು ತಪ್ಪಿಸಿದ್ದಾಳೆ ಎಂದು ಗೊತ್ತಾದರೆ ನನಗೆ ಧೈರ್ಯ. ಅದೊಂದನ್ನು ನಾನು ತಪ್ಪಿಸದಿದ್ದರೆ ಸಾಕು, ನನ್ನ ರೋಗಿ ಸಾಯುವುದಿಲ್ಲ. ಅವಳು ಎಲ್ಲ ಸರಿ ಮಾಡಿಯೂ ಹುಡುಗ ಹೋದ ಎಂದಾದರೆ ನನಗೂ ಹಾಗೇ ಆಗಬಹುದು. ಅದನ್ನು ಒಪ್ಪಿಕೊಳ್ಳಲು ಆಗದೆ ಅವಳಲ್ಲಿ ತಪ್ಪು ಹುಡುಕಿದೆ. ಮೂರು ಗಂಟೆ ರಾತ್ರಿಯಲ್ಲಿ, ಒದ್ದೆ ಬಟ್ಟೆಯಲ್ಲಿ ನಿಂತವಳ ಹತ್ತಿರ.

ಬೈದಿದ್ದರೆ ಜಗಳವಾಗಿ ಸರಿಹೋಗುತ್ತಿತ್ತೋ ಏನೋ. ನಾನು ಮೆತ್ತಗೆ ಕೇಳಿದ್ದೆ, ಕಾಳಜಿಯ ದನಿಯಲ್ಲಿ. ಹಾಗಾಗಿ ಅವಳಿಗೆ ತಿರುಗಿ ಹೇಳಲೂ ಏನೂ ಇರಲಿಲ್ಲ. ಅವತ್ತಿನಿಂದ ಅವಳು ನನ್ನ ಹತ್ತಿರ ರೋಗಿಗಳ ವಿಷಯ ಬಿಟ್ಟು ಬೇರೆ ಏನೂ ಮಾತಾಡಲಿಲ್ಲ. ಬಾಗಿಲು ತೆರೆದಿದ್ದರೂ ಒಳಗೆ ಬರುತ್ತಿರಲಿಲ್ಲ. ನಾನು ಸಮಾಧಾನ ಹೇಳಲು ಪ್ರಯತ್ನಪಟ್ಟೆ. 'ನೀನು ಸ್ಟ್ರಾಂಗ್ ಮಾರಾಯ್ತಿ', 'ಎಲ್ಲರಿಗೂ ಆಗ್ತದೆ', ಇಂಥವೇ. ಅಕ್ಟೋಬರಿನಲ್ಲಿ ಸೀಟು ಬಿಟ್ಟು ಊರಿಗೆ ಹೋದಳು. ನನ್ನ ಒಂದು ಪ್ರಶ್ನೆಯಿಂದ ಸೀಟು ಬಿಟ್ಟಳು ಎಂದು ನಾನು ಹೇಳುವುದಿಲ್ಲ, ಬೇರೆ ಕಾರಣಗಳೂ ಇದ್ದವು. ಆದರೆ ಆ ಮೂರು ತಿಂಗಳು ಅವಳಿಗೆ ಎದುರು ರೂಮಿನಲ್ಲಿ ಒಬ್ಬಳು ಗೆಳತಿ ಇರಬೇಕಿತ್ತು. ಇರಲಿಲ್ಲ.

ನಾಲ್ಕು ವರ್ಷ ಬಿಟ್ಟು ಅವಳೇ ಫೋನ್ ಮಾಡಿದಳು. ಈಗ ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದಾಳೆ. ಚೆನ್ನಾಗಿದ್ದಾಳೆ. ಮಾತಿನ ನಡುವೆ ಆ ರಾತ್ರಿಯ ವಿಷಯ ನಾನೇ ಎತ್ತಿದೆ. ಅಳಬೇಕು ಅಂತ ಬಂದಿದ್ದೆ ಅಲ್ವಾ, ನಾನು ಬಿಡಲಿಲ್ಲ ಎಂದೆ. "ಇಲ್ಲ ಕಣೆ" ಎಂದಳು. "ಎಂಟು ಗಂಟೆ ರೌಂಡ್ಸಿಗೆ ನನ್ನ ಬದಲು ನಿಲ್ತೀಯಾ ಅಂತ ಕೇಳೋಕೆ ಬಂದಿದ್ದೆ."

ಫೋನ್ ಹಿಡಿದು ಸುಮ್ನೆ ಕೂತೆ. ಅಷ್ಟೇ ಬೇಕಿತ್ತಾ ಅವಳಿಗೆ! ಐದು ಗಂಟೆ ಬಿಟ್ಟು ಆ ಖಾಲಿ ಮಂಚದ ಪಕ್ಕ ನಿಂತು, ಚೀಫ್, ಇಂಟರ್ನ್‌ಗಳು, ಸಿಸ್ಟರ್, ಪಕ್ಕದ ಬೆಡ್ಡಿನವರು ಎಲ್ಲರ ಎದುರು ಅದನ್ನು ಒಪ್ಪಿಸಬೇಕು. ಅದೊಂದು ಆಗುವುದಿಲ್ಲ ಎಂದು ಕೇಳಲು ಬಂದವಳನ್ನು ನಾನು ಅಲ್ಲೇ ಬಾಗಿಲಲ್ಲಿ ನಿಲ್ಲಿಸಿ ಒಪ್ಪಿಸಲು ಹಚ್ಚಿದ್ದೆ. ನನಗೆ ಅವತ್ತು ಬೆಳಿಗ್ಗೆ ಬೇರೆ ಕೆಲಸವೇ ಇರಲಿಲ್ಲ. ನಿಲ್ಲಬಹುದಿತ್ತು.

ಹಾಗಾಗಿ 'ಏನು ಹೇಳಲಿ' ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅವಳಿಗೆ ನಿಮ್ಮ ಮಾತು ಬೇಕಿಲ್ಲ. ಕೋರ್ಸ್ ಆಮೇಲೆ ಬೇಕಾದರೆ ಮಾಡಿ, ಕಲಿತರೆ ಒಳ್ಳೆಯದೇ. ಈ ವಾರಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ಅವಳ ತಲೆಯ ಮೇಲಿರುವ ಒಂದು ಕೆಲಸವನ್ನು ನೀವು ಹೊತ್ತುಕೊಳ್ಳಬೇಕು. ಡಿಸ್ಚಾರ್ಜ್ ಸಮರಿ ಇರಬಹುದು, ಸೆಮಿನಾರ್ ಇರಬಹುದು, ಆ ತಾಯಿ ಸರ್ಟಿಫಿಕೇಟಿಗೆ ಬಂದಾಗ ಜೊತೆಗೆ ನಿಲ್ಲುವುದಿರಬಹುದು. ಯಾವುದು ಎಂದು ಅವಳನ್ನೇ ಕೇಳಿ. 'ಏನಾದರೂ ಬೇಕಿದ್ದರೆ ಹೇಳು' ಎಂದರೆ ಯಾರೂ ಹೇಳುವುದಿಲ್ಲ. 'ಶನಿವಾರ ನೈಟ್ ನಾನು ಮಾಡ್ತೇನೆ, ನೀನು ನನ್ನ ಮಂಗಳವಾರದ್ದು ಮಾಡು' ಎಂದರೆ ಹೂಂ ಅಥವಾ ಉಹೂಂ ಎಂದಾದರೂ ಹೇಳುತ್ತಾರೆ.

ಕೇಸಿನ ಬಗ್ಗೆ ನೀವಾಗಿ ಒಂದೂ ಪ್ರಶ್ನೆ ಕೇಳಬೇಡಿ. ಅವಳೇ ಹೇಳಿದರೆ ಕೇಳಿಸಿಕೊಳ್ಳಿ. ಸಾವಿನ ಪರಿಶೀಲನೆ ಬೇಡವೇ ಬೇಡ ಎನ್ನುತ್ತಿಲ್ಲ. ಮಾರ್ಟಾಲಿಟಿ ಮೀಟಿಂಗ್ ಆಗಲೇಬೇಕು, ಮುಂದಿನ ರೋಗಿಗಾಗಿ ಆಗಬೇಕು. ಅದು ಬೇರೆ ದಿನ, ಬೇರೆ ಕೋಣೆ, ಬೇರೆ ಜನ. ಅಮೆರಿಕದ ಡಾಕ್ಟರ್ ಆಲ್ಬರ್ಟ್ ವೂ 2000ದಲ್ಲಿ 'ಸೆಕೆಂಡ್ ವಿಕ್ಟಿಮ್' ಎಂಬ ಹೆಸರು ಕೊಟ್ಟದ್ದು ಇದಕ್ಕೇ. ಚಿಕಿತ್ಸೆಯಲ್ಲಿ ಏನಾದರೂ ತಪ್ಪಿದಾಗ ರೋಗಿ ಮತ್ತು ಮನೆಯವರ ನಂತರ ಪೆಟ್ಟು ಬೀಳುವುದು ಚಿಕಿತ್ಸೆ ಕೊಟ್ಟವರಿಗೆ. ಅಲ್ಲಿಯ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 2011ರಿಂದ 'ರೈಸ್' ಎಂಬ ತಂಡವಿದೆ. ತರಬೇತಿ ಪಡೆದ ಅಲ್ಲಿಯದೇ ಸಹೋದ್ಯೋಗಿಗಳು ಕರೆದರೆ ಬಂದು ಜೊತೆಗೆ ಕೂರುತ್ತಾರೆ. ತನಿಖೆ ಅವರ ಕೆಲಸವಲ್ಲ. ಇದನ್ನು ಓದಿದಾಗ ಕಾಗದದ ಮೇಲೆ ನನ್ನ ತಪ್ಪೇ ಕಂಡಿತು. ನಾನು ಎರಡನ್ನೂ ಕಲಸಿಬಿಟ್ಟಿದ್ದೆ.

ಥರ್ಡ್ ಇಯರಿನಲ್ಲಿ ನಾವು ಮೂವರು ಒಂದು ಮಾತು ಮಾಡಿಕೊಂಡೆವು. ರಾತ್ರಿ ಯಾರ ಕೈಲಿ ಸಾವು ಆಗುತ್ತದೋ ಅವರು ಬೆಳಿಗ್ಗೆ ಆ ಕೇಸ್ ಒಪ್ಪಿಸುವುದಿಲ್ಲ, ಇನ್ನೊಬ್ಬರು ಕೇಸ್ ಶೀಟ್ ನೋಡಿ ಒಪ್ಪಿಸುತ್ತಾರೆ. ಚೀಫ್ ಬೈಯುತ್ತಾರೆ ಅಂತ ಹೆದರಿ ಹೆದರಿ ಹೋಗಿ ಕೇಳಿದೆ. "ಯಾರಾದರೂ ಒಬ್ಬರು ಹೇಳಿದರೆ ಸಾಕಮ್ಮ" ಎಂದರು. ಎರಡು ವರ್ಷ ಇದನ್ನು ಯಾರೂ ಕೇಳಿಯೇ ಇರಲಿಲ್ಲ.

ಸೀನಿಯರ್‌ಗಳಿಗೆ ಬಿಡಬೇಕಾ ಎಂದಿರಿ. ಬಿಡಬೇಡಿ, ಆದರೆ ಒಬ್ಬರೇ ಹೊರಬೇಡಿ. ಇದರಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯಲ್ಲಿ, ಸಮೀಕ್ಷೆಗೆ ಉತ್ತರಿಸಿದ ಐದು ಸಾವಿರಕ್ಕೂ ಹೆಚ್ಚು ಪಿಜಿಗಳಲ್ಲಿ ನೂರಕ್ಕೆ ಸುಮಾರು 31 ಮಂದಿ ಸಾಯುವ ಯೋಚನೆ ಬಂದಿದ್ದಾಗಿ ಹೇಳಿದ್ದಾರೆ. ನಿಮ್ಮ ಬ್ಯಾಚಿನಲ್ಲಿ ಎಷ್ಟು ಜನ ಎಂದು ನೀವೇ ಲೆಕ್ಕ ಹಾಕಿ. ಅದೇ ವರದಿ ವಾರಕ್ಕೆ 74 ಗಂಟೆಗಿಂತ ಜಾಸ್ತಿ ದುಡಿಸಬಾರದು, ಒಂದು ದಿನ ರಜೆ ಕೊಡಬೇಕು ಎಂದೂ ಹೇಳಿತು. ನಿದ್ದೆಗೆಟ್ಟವಳಿಗೆ ವರ್ಷಕ್ಕೊಂದು ದಿನ ಯೋಗ ಶಿಬಿರ ಮಾಡಿದರೆ ಏನೂ ಆಗುವುದಿಲ್ಲ, ಮೊದಲು ನಿದ್ದೆ ಕೊಡಬೇಕು.

ಅವಳನ್ನು ನೇರವಾಗಿ ಕೇಳಿ: ಸಾಯಬೇಕು ಅಂತ ಅನ್ನಿಸ್ತಿದೆಯಾ? ಕೇಳಿದರೆ ಇಲ್ಲದ ಯೋಚನೆ ಬಂದುಬಿಡುತ್ತದೆ ಎಂಬುದು ಸುಳ್ಳು, ಸೈಕಿಯಾಟ್ರಿ ಪೋಸ್ಟಿಂಗಿನಲ್ಲಿ ನೀವೂ ಕಲಿತಿದ್ದೀರಿ. ಹೌದು ಎಂದರೆ ಆ ರಾತ್ರಿ ಅವಳನ್ನು ಒಬ್ಬಳೇ ಬಿಡಬೇಡಿ. ಯಾರಿಗೂ ಹೇಳಬೇಡ ಎಂದು ಭಾಷೆ ತೆಗೆದುಕೊಳ್ಳಲು ಬಂದರೆ ಕೊಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಮ್ಮದೇ ಆಸ್ಪತ್ರೆಯ ಸೈಕಿಯಾಟ್ರಿ ಓಪಿಡಿಯಲ್ಲಿ ಕೂತರೆ ನಾಳೆ ಮೆಸ್ಸಿನಲ್ಲಿ ಸುದ್ದಿ ಎಂಬ ಭಯ ಎಲ್ಲರಿಗೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ಹಕ್ಕು ಎಂದೇ ಹೇಳುತ್ತದೆ. ಆದರೂ ಮನಸ್ಸು ಒಪ್ಪದಿದ್ದರೆ ಉಡುಪಿ, ಮಣಿಪಾಲ ಕಡೆ ಹೋಗಿ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂದೂವರೆ ಗಂಟೆ. ಜೊತೆಗೆ ನೀವೂ ಹೋಗಿ, ಕಿಟಕಿ ಸೀಟು ಅವಳಿಗೆ ಕೊಡಿ. ನನ್ನ ಜೂನಿಯರ್ ಒಬ್ಬನನ್ನು ನಾನು ಹೀಗೇ ಕರೆದುಕೊಂಡು ಹೋಗಿದ್ದೇನೆ. ಮೂಲ್ಕಿ ದಾಟುವವರೆಗೂ ಒಂದು ಮಾತೂ ಆಡಲಿಲ್ಲ. ಪಡುಬಿದ್ರಿ ಹತ್ತಿರ ಬಂದಾಗ ತಾನಾಗಿ ಶುರುಮಾಡಿದ.

ಇನ್ನು ಶನಿವಾರ. ಡ್ಯೂಟಿ ಬದಲಾಯಿಸಲು ಅವಳು ಒಪ್ಪದಿರಬಹುದು, ಕೆಲವರಿಗೆ ಆ ವಾರ್ಡನ್ನು ತಾವೇ ದಾಟಬೇಕು ಅನ್ನಿಸುತ್ತದೆ. ಒತ್ತಾಯ ಬೇಡ. ಸಂಜೆ ಎರಡು ಬನ್ಸ್ ಕಟ್ಟಿಸಿಟ್ಟುಕೊಳ್ಳಿ. ರಾತ್ರಿ ಹತ್ತರ ರೌಂಡ್ ಹೊತ್ತಿಗೆ ವಾರ್ಡಿಗೆ ಹೋಗಿ. ಆ ಮಂಚದಲ್ಲಿ ಈಗ ಯಾರಿದ್ದಾರೋ ಅವರ ಬಿಪಿ ನೀವು ನೋಡಿ, ಅವಳು ಮುಂದಿನ ಮಂಚಕ್ಕೆ ಹೋಗಲಿ.