ಎರಡು ಲಿಂಕ್ ತಗೊಳ್ಳೋ ಮುಂಚೆ ಕೇಬಲ್ ಹೋಗೋ ದಾರಿ ಕೇಳಿ

ಬೆಂಗಳೂರಲ್ಲಿ ಸರ್ವರ್ ಇಟ್ಕೊಂಡು ಯುರೋಪಿನ ಗಿರಾಕಿಗಳಿಗೆ ಸರ್ವಿಸ್ ಕೊಡ್ತಿದೀವಿ, ಟಾಟಾ, ಏರ್‌ಟೆಲ್, ಲುಮೆನ್, ಕೋಜೆಂಟ್ ಇವ್ರಲ್ಲಿ ಯಾರ ಬ್ಯಾಕ್‌ಬೋನ್ (ದೂರದ ಊರು-ದೇಶಗಳನ್ನ ಜೋಡಿಸೋ ಮುಖ್ಯ ನೆಟ್‌ವರ್ಕ್) ನಂಬಬಹುದು ಅಂತ ಕೇಳಿದೀರ. ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಒಂದ್ಸಲನೂ ಕೈಕೊಡದೇ ಇರೋ ಕಂಪನಿ ನಾನಂತೂ ನೋಡಿಲ್ಲ.

ಲುಮೆನ್ ಎಷ್ಟು ದೊಡ್ಡದು ನೋಡಿ, ಅದಕ್ಕೆ ಸೆಂಚುರಿಲಿಂಕ್ ಅಂತ ಹೆಸರಿದ್ದಾಗ 2020ರ ಆಗಸ್ಟ್ 30ಕ್ಕೆ ಒಂದೇ ಒಂದು ಫ್ಲೋಸ್ಪೆಕ್ ರೂಲ್ (ಯಾವ ಟ್ರಾಫಿಕ್ ತಡೀಬೇಕು ಅಂತ ರೂಟರ್‌ಗಳಿಗೆ ಕಳ್ಸೋ ಸೂಚನೆ) ಎಡವಟ್ಟಾಗಿ ಅವರ ರೂಟರ್‌ಗಳ ಬಿಜಿಪಿ ಸೆಷನ್‌ಗಳೇ (ರೂಟರ್‌ಗಳು ಒಂದಕ್ಕೊಂದು ದಾರಿ ಹೇಳ್ಕೊಳ್ಳೋ ಸಂಪರ್ಕ) ಬಿದ್ದೋದ್ವು, ಸರಿಯಾಗೋಕೆ ಐದು ಗಂಟೆ ಹತ್ರ ಹಿಡೀತು, ಆವತ್ತು ಇಡೀ ಪ್ರಪಂಚದ ಇಂಟರ್ನೆಟ್ ಟ್ರಾಫಿಕ್ 3.5% ಇಳೀತು ಅಂತ ನೆಟ್‌ವರ್ಕ್ ಕಂಪನಿ ಕ್ಲೌಡ್‌ಫ್ಲೇರ್‌ನವರು ಲೆಕ್ಕ ಕೊಟ್ರು. ಗಿರಾಕಿಗಳು ತಮ್ಮ ಕಡೆ ಲಿಂಕ್ ಆಫ್ ಮಾಡಿದ್ರೂ ಅವರ ಹಳೇ ರೂಟ್‌ಗಳನ್ನ ಆ ನೆಟ್‌ವರ್ಕ್ ಹೊರಗಡೆ ಸಾರ್ತಾನೇ ಇತ್ತು, ಹಾಗಾಗಿ ಇನ್ನೊಂದು ಲಿಂಕ್ ಇದ್ದೋರೂ ಒದ್ದಾಡಿದ್ರು. ಕೋಜೆಂಟ್ ರೇಟ್ ಕಮ್ಮಿ ನಿಜ, ಆದ್ರೆ ಪಿಯರಿಂಗ್ (ಬೇರೆ ನೆಟ್‌ವರ್ಕ್ ಜೊತೆ ನೇರವಾಗಿ ಟ್ರಾಫಿಕ್ ಕೊಟ್ಟು ತಗೊಳ್ಳೋದು) ಜಗಳ ಜಾಸ್ತಿ: 2005ರಲ್ಲಿ ಲೆವೆಲ್ 3 ಜೊತೆ, 2008ರಲ್ಲಿ ಟೆಲಿಯಾ, ಆಮೇಲೆ ಸ್ಪ್ರಿಂಟ್ ಜೊತೆ. ಅದೊಂದನ್ನೇ ನಂಬ್ಕೊಂಡು ಕೂರಬೇಡಿ.

ನಿಮಗೆ ಇದಕ್ಕಿಂತ ಮುಖ್ಯ ಕೆಂಪು ಸಮುದ್ರ. ಮುಂಬೈಯಿಂದ ಯುರೋಪಿಗೆ ಹೋಗೋ ಕೇಬಲ್‌ಗಳು ಹೆಚ್ಚುಕಮ್ಮಿ ಎಲ್ಲಾ ಅಲ್ಲಿಂದಾನೇ ಈಜಿಪ್ಟ್ ದಾಟಬೇಕು. 2024ರ ಫೆಬ್ರವರಿಯಲ್ಲಿ ಅಲ್ಲಿ ಎಎಇ-1, ಇಐಜಿ, ಸೀಕಾಮ್ ಅನ್ನೋ ಕೇಬಲ್‌ಗಳು ಕಟ್ ಆದ್ವು, 2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾ ಹತ್ರ ಮತ್ತೆ ಕೆಲವು. ಬಿಲ್ ಎರಡು ಕಂಪನಿದು ಇದ್ರೂ ಎರಡೂ ಅದೇ ನೀರಿನಡಿ ಹೋಗ್ತಿದ್ರೆ ಏನುಪಯೋಗ? ಒಂದು ಲಿಂಕ್ ಮುಂಬೈ ಕಡೆಯಿಂದ, ಇನ್ನೊಂದು ಚೆನ್ನೈಯಿಂದ ಸಿಂಗಾಪುರದ ಕಡೆಗೆ ಇರ್ಲಿ. ಪೂರ್ವದಿಂದ ಸುತ್ತಿ ಹೋದ್ರೆ ಲೇಟೆನ್ಸಿ (ಡೇಟಾ ತಲುಪೋಕೆ ಹಿಡಿಯೋ ಸಮಯ) ಏರುತ್ತೆ, ಆದ್ರೆ ಸರ್ವಿಸ್ ನಿಲ್ಲಲ್ಲ.

ಸಮುದ್ರದ ಮಾತಿರ್ಲಿ, ನಮಗೆ ಪೆಟ್ಟು ಬಿದ್ದಿದ್ದು ಆಫೀಸಿಂದ ಅರ್ಧ ಕಿಲೋಮೀಟರ್ ದೂರದಲ್ಲಿ. ಎರಡು ಬೇರೆ ಬೇರೆ ಕಂಪನಿ ಲಿಂಕ್ ತಗೊಂಡು ನಿಶ್ಚಿಂತೆಯಾಗಿದ್ವಿ, ಒಂದಿನ ರಾತ್ರಿ ಎರಡೂ ಒಂದೇ ಕ್ಷಣಕ್ಕೆ ಡೌನ್. ಓಡಿಹೋಗಿ ನೋಡಿದ್ರೆ ರಸ್ತೆ ಅಗೆಯೋ ಜೆಸಿಬಿ ಹಲ್ಲಿಗೆ ಕಿತ್ತಳೆ ಬಣ್ಣದ ಡಕ್ಟ್ (ಕೇಬಲ್ ಹಾಕೋ ಪೈಪು) ಸಿಕ್ಕಾಕ್ಕೊಂಡು ಸೀಳಿಹೋಗಿದೆ, ಒಳಗೆ ಎರಡೂ ಕಂಪನಿ ಫೈಬರ್ ಪಕ್ಕಪಕ್ಕದಲ್ಲೇ! ಮಳೇಲಿ ಒಬ್ಬ ಹುಡುಗ ಫೈಬರ್ ಬೆಸೆಯೋ ಸ್ಪ್ಲೈಸಿಂಗ್ ಮಷೀನಿಗೆ ಛತ್ರಿ ಹಿಡಿದಿದ್ದ, ಇನ್ನೊಬ್ಬ ಕೂದಲೆಳೆಯಂಥ ಎಳೆಗಳನ್ನ ಒಂದೊಂದಾಗಿ ಒರೆಸಿ ಜೋಡಿಸ್ತಿದ್ದ, ಬೆಳಗಿನ ಜಾವ ನಾಲ್ಕಾಯ್ತು.

ಎಸ್‌ಎಲ್‌ಎ (ಲಿಂಕ್ ಎಷ್ಟು ಹೊತ್ತು ನಡೆಯುತ್ತೆ ಅಂತ ಕಂಪನಿ ಬರ್ದು ಕೊಡೋ ಮಾತು) ಕಾಗದ ನೋಡಿ ಸಮಾಧಾನ ಪಟ್ಕೋಬೇಡಿ. 99.9% ಅಂದ್ರೆ ತಿಂಗಳಿಗೆ 43 ನಿಮಿಷ ಡೌನ್ ಆದ್ರೂ ಮಾತು ತಪ್ಪಿದ ಹಾಗಲ್ಲ, ತಪ್ಪಿದ್ರೂ ಸಾಮಾನ್ಯವಾಗಿ ಸಿಗೋದು ಬಿಲ್ಲಲ್ಲಿ ಒಂದಿಷ್ಟು ಕಡಿತ, ಹೋದ ಗಿರಾಕಿ ವಾಪಸ್ ಬರಲ್ಲ. ಸೇಲ್ಸ್‌ನವರ ಹತ್ರ ರೂಟಿನ ಕೆಎಂಝಡ್ ಫೈಲ್ (ಕೇಬಲ್ ದಾರಿಯ ಮ್ಯಾಪ್ ಫೈಲ್) ಕೇಳಿ, ಎರಡೂ ಕಂಪನಿದು ಗೂಗಲ್ ಅರ್ಥ್‌ನಲ್ಲಿ ಒಂದ್ರ ಮೇಲೊಂದು ಹಾಕಿ, ಗೆರೆಗಳು ಎಲ್ಲೆಲ್ಲಿ ಕೂಡ್ತವೆ ನೋಡಿ. ಫೈಲ್ ಕೊಡಲ್ಲ ಅಂದ್ರೆ ಸಹಿ ಹಾಕಬೇಡಿ. ನಿಮ್ಮ ಡೇಟಾ ಸೆಂಟರ್ ವೈಟ್‌ಫೀಲ್ಡ್ ಕಡೆನಾ ಎಲೆಕ್ಟ್ರಾನಿಕ್ ಸಿಟಿ ಕಡೆನಾ ಅಂತ ಕಾಮೆಂಟಲ್ಲಿ ತಿಳಿಸಿ, ಆ ಕಡೆ ನಾನು ನೋಡಿರೋ ರೂಟ್‌ಗಳ ಬಗ್ಗೆ ಹೇಳ್ತೀನಿ.