ಡಾರ್ವಿನ್‌ನಲ್ಲಿ ವರ್ಷವಿಡೀ ಬೇಸಿಗೆಯೇ? ಯಾವ ತಿಂಗಳಲ್ಲಿ ಹೋಗಿ ನೆಲೆಸಬೇಕು?

ಉತ್ತರ ಆಸ್ಟ್ರೇಲಿಯಾದ ಡಾರ್ವಿನ್ ನಗರಕ್ಕೆ ಕೆಲಸದ ನಿಮಿತ್ತ ಹೋಗಲಿರುವ ತಾವು, ಅಲ್ಲಿ ವರ್ಷದುದ್ದಕ್ಕೂ ಬೇಸಿಗೆಯೊಂದೇ ಇರುತ್ತದೆ ಎಂಬ ಮಾತು ನಿಜವೇ, ಯಾವ ತಿಂಗಳಲ್ಲಿ ಹೋದರೆ ಒಳಿತು ಎಂದು ಕೇಳಿದ್ದೀರಿ. ಆ ಊರಿನಲ್ಲಿ ಕೆಲವು ವರ್ಷ ವಾಸವಾಗಿದ್ದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಉಷ್ಣತೆಯ ಅಂಕಿಗಳನ್ನಷ್ಟೇ ನೋಡಿದರೆ ತಾವು ಕೇಳಿದ ಮಾತು ನಿಜವೆಂದೇ ತೋರುತ್ತದೆ. ಜುಲೈ ತಿಂಗಳಲ್ಲಿ ಹಗಲಿನ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 31 ಡಿಗ್ರಿ ಸೆಲ್ಸಿಯಸ್, ನವೆಂಬರಿನಲ್ಲಿ ಸುಮಾರು 33. ಇಡೀ ವರ್ಷದ ಏರಿಳಿತ ಇಷ್ಟೇ. ಹಗಲಿನ ಅವಧಿಯೂ ಡಿಸೆಂಬರಿನಿಂದ ಜೂನ್‌ಗೆ ಸುಮಾರು ಒಂದೂವರೆ ಗಂಟೆಯಷ್ಟು ಮಾತ್ರ ಕುಗ್ಗುತ್ತದೆ. ಆದರೆ ಮಳೆಯ ಲೆಕ್ಕ ತೆಗೆದು ನೋಡಿ: ವರ್ಷಕ್ಕೆ ಸರಾಸರಿ 1,700 ಮಿಲಿಮೀಟರಿನಷ್ಟು ಸುರಿಯುವ ಮಳೆಯಲ್ಲಿ ಜನವರಿಯೊಂದರ ಪಾಲೇ 400 ಮಿಲಿಮೀಟರನ್ನು ಮೀರುತ್ತದೆ, ಜುಲೈ ತಿಂಗಳಿಗೆ ಒಂದೆರಡು ಮಿಲಿಮೀಟರೂ ದಕ್ಕುವುದು ಕಷ್ಟ. ಡಾರ್ವಿನ್‌ನಲ್ಲಿ ಋತುಗಳನ್ನು ಬೇರ್ಪಡಿಸುವುದು ಗಾಳಿ ಬೀಸುವ ದಿಕ್ಕು ಮತ್ತು ಆ ಗಾಳಿ ಹೊತ್ತು ತರುವ ತೇವ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು ಹನ್ನೆರಡೂವರೆ ಡಿಗ್ರಿಯಲ್ಲಿರುವ ಊರಾದ್ದರಿಂದ ನಮ್ಮ ತಿಂಗಳುಗಳ ಲೆಕ್ಕ ಅಲ್ಲಿ ತಲೆಕೆಳಗಾಗುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಆಗ್ನೇಯದ ವಾಣಿಜ್ಯ ಮಾರುತಗಳು ಖಂಡದ ಒಣ ಒಳನಾಡನ್ನು ಹಾದು ಬರುವುದರಿಂದ ಆಕಾಶ ವಾರಗಟ್ಟಲೆ ಒಂದು ಮೋಡವೂ ಇಲ್ಲದೆ ತಿಳಿಯಾಗಿರುತ್ತದೆ. ಸ್ಥಳೀಯರು ‘ಡ್ರೈ’ ಎಂದು ಕರೆಯುವ ಕಾಲ ಇದು. ಜೂನ್, ಜುಲೈ ತಿಂಗಳುಗಳ ರಾತ್ರಿಗಳಲ್ಲಿ ಉಷ್ಣತೆ ಇಪ್ಪತ್ತಕ್ಕಿಂತ ಕೆಳಗಿಳಿಯುವುದು ಸಾಮಾನ್ಯ; 1942ರ ಜುಲೈಯಲ್ಲಿ 10.4 ಡಿಗ್ರಿಯವರೆಗೂ ಇಳಿದ ದಾಖಲೆಯಿದೆ. ಮಿಂಡಿಲ್ ಕಡಲತೀರದ ಸಂಜೆ ಸಂತೆಯೂ ಊರಿನ ಹೊರಾಂಗಣ ಚಟುವಟಿಕೆಗಳಲ್ಲಿ ಹೆಚ್ಚಿನವೂ ನಡೆಯುವುದು ಈ ತಿಂಗಳುಗಳಲ್ಲೇ. ಸುತ್ತಲಿನ ಹುಲ್ಲುಗಾವಲುಗಳಿಗೆ ಬೆಂಕಿಯಿಡುವ ಕಾಲವೂ ಇದೇ ಆಗಿರುವುದರಿಂದ ಕೆಲವು ದಿನ ಊರಿನ ಮೇಲೆ ಹೊಗೆ ಕವಿಯುತ್ತದೆ. ಉಬ್ಬಸದ ತೊಂದರೆಯಿರುವವರು ಇದನ್ನು ಗಮನಿಸಬೇಕು.

ನಾನು ಹೆಚ್ಚು ಎಚ್ಚರಿಸಬೇಕೆಂದಿರುವುದು ಇದರ ನಂತರದ ಅವಧಿಯ ಬಗ್ಗೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಆಗ್ನೇಯದ ಗಾಳಿ ಸೊರಗಿ, ಕಡಲಿನ ಕಡೆಯಿಂದ ತೇವದ ಗಾಳಿ ಬೀಸತೊಡಗುತ್ತದೆ. ಅಕ್ಟೋಬರ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಅವನನ್ನು ಮರೆಮಾಡಲು ಮಳೆಗಾಲದ ದಟ್ಟ ಮೋಡ ಇನ್ನೂ ಬಂದಿರುವುದಿಲ್ಲ. ಪ್ರತಿದಿನ ಮಧ್ಯಾಹ್ನ ಮೋಡ ಕಟ್ಟುತ್ತದೆ, ಗುಡುಗುತ್ತದೆ, ಎಷ್ಟೋ ದಿನ ಒಂದು ಹನಿಯೂ ಬೀಳದೆ ಚದುರಿಹೋಗುತ್ತದೆ. ರಾತ್ರಿಯೂ ಉಷ್ಣತೆ 25 ಡಿಗ್ರಿಗಿಂತ ಕೆಳಕ್ಕೆ ಹೆಚ್ಚೇನೂ ಇಳಿಯುವುದಿಲ್ಲವಾದ್ದರಿಂದ ದೇಹಕ್ಕೆ ಬಿಡುವೆಂಬುದೇ ಸಿಗುವುದಿಲ್ಲ. ಬೆವರು ಆರದೆ ಮೈಗೆ ಅಂಟಿಕೊಂಡೇ ಇರುತ್ತದೆ, ನಿದ್ದೆ ಕೆಡುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಅಲ್ಲಿನವರು ‘ಬಿಲ್ಡ್-ಅಪ್’ ಎಂದು ಕರೆಯುವ ಈ ಕಾಲ ಜನರ ಮನಸ್ಸಿನ ಮೇಲೆ ಬೀರುವ ಪರಿಣಾಮವನ್ನು ಊರಿನವರೆಲ್ಲ ಒಪ್ಪಿಕೊಳ್ಳುತ್ತಾರೆ, ಮಾವು ಹಣ್ಣಾಗುವ ಕಾಲವೂ ಇದೇ ಆದ್ದರಿಂದ ಅದನ್ನು ‘ಮ್ಯಾಂಗೋ ಮ್ಯಾಡ್‌ನೆಸ್’ ಎನ್ನುತ್ತಾರೆ. ನನ್ನ ಅನುಭವದಲ್ಲಿ ನವೆಂಬರಿನ 33 ಡಿಗ್ರಿಗೂ ಜುಲೈಯ 31 ಡಿಗ್ರಿಗೂ ಹೋಲಿಕೆಯೇ ಇಲ್ಲ.

ಇದೇ ಕಾಲದಲ್ಲಿ ನೋಡಲೇಬೇಕಾದ ಒಂದು ವಿಸ್ಮಯವೂ ಇದೆ. ಡಾರ್ವಿನ್‌ನ ಉತ್ತರಕ್ಕಿರುವ ಟೀವಿ ದ್ವೀಪಗಳ ಮೇಲೆ ಸುತ್ತಲಿನ ಕಡಲಗಾಳಿಗಳು ನಾಲ್ಕೂ ಕಡೆಯಿಂದ ಒಳನುಗ್ಗಿ ಪರಸ್ಪರ ಸಂಧಿಸುವುದರಿಂದ, ಮಧ್ಯಾಹ್ನ ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ದೈತ್ಯಾಕಾರದ ಗುಡುಗುಮೋಡವೊಂದು ಏಳುತ್ತದೆ. ಎರಡನೆಯ ಮಹಾಯುದ್ಧದ ವಿಮಾನ ಚಾಲಕರು ಅದನ್ನು ದಿಕ್ಕು ತಿಳಿಯಲು ಬಳಸುತ್ತಿದ್ದರಂತೆ. ‘ಹೆಕ್ಟರ್’ ಎಂಬ ಹೆಸರು ಅಂದಿನಿಂದಲೇ ಉಳಿದುಬಂದಿದೆ. ಕೆಲವೊಮ್ಮೆ ಅದರ ನೆತ್ತಿ ಇಪ್ಪತ್ತು ಕಿಲೋಮೀಟರ್ ಎತ್ತರ ಮುಟ್ಟುತ್ತದೆ.

ನಿಜವಾದ ಮಾನ್ಸೂನ್ ಬರುವುದು ಸಾಮಾನ್ಯವಾಗಿ ಡಿಸೆಂಬರ್ ಕೊನೆಗೆ, ವಾಯುವ್ಯದ ಗಾಳಿಯೊಂದಿಗೆ. ಮೋಡ ದಟ್ಟವಾಗಿ ಮಳೆ ಹಿಡಿಯಿತೆಂದರೆ ಹಗಲಿನ ಉಷ್ಣತೆ ಇಳಿದು ಎಲ್ಲರಿಗೂ ಜೀವ ಬಂದಂತಾಗುತ್ತದೆ. ಮಳೆ ಎಡೆಬಿಡದೆ ಸುರಿಯುತ್ತಲೇ ಇರುತ್ತದೆಂದು ಭಾವಿಸಬೇಡಿ. ಕೆಲವು ದಿನ ಜಡಿದು, ಆಮೇಲೆ ವಾರವೋ ಎರಡು ವಾರವೋ ಬಿಡುವು ಕೊಟ್ಟು, ಮತ್ತೆ ಬರುತ್ತದೆ. ಬಟ್ಟೆ, ಚರ್ಮದ ಚೀಲ, ಪುಸ್ತಕಗಳಿಗೆ ಬೂಸ್ಟು ಹಿಡಿಯುವುದನ್ನು ತಪ್ಪಿಸಲು ನಿತ್ಯವೂ ನಿಗಾ ವಹಿಸಬೇಕು. ಕಾಕಡು ರಾಷ್ಟ್ರೀಯ ಉದ್ಯಾನದ ಜಿಮ್ ಜಿಮ್ ಜಲಪಾತದಂಥ ಜಾಗಗಳ ದಾರಿಗಳು ಪ್ರವಾಹದಿಂದಾಗಿ ತಿಂಗಳುಗಟ್ಟಲೆ ಮುಚ್ಚಿರುತ್ತವೆ.

ಚಂಡಮಾರುತದ ವಿಷಯವನ್ನು ಲಘುವಾಗಿ ಪರಿಗಣಿಸಬಾರದು. ನವೆಂಬರಿನಿಂದ ಏಪ್ರಿಲ್‌ವರೆಗೆ ಅದರ ಅವಧಿ. 1974ರ ಕ್ರಿಸ್‌ಮಸ್ ಮುಂಜಾನೆ ಅಪ್ಪಳಿಸಿದ ‘ಟ್ರೇಸಿ’ 66 ಜನರನ್ನು ಬಲಿ ತೆಗೆದುಕೊಂಡು ಊರಿನ ಬಹುಪಾಲು ಮನೆಗಳನ್ನು ನೆಲಸಮ ಮಾಡಿತು. ವಿಮಾನ ನಿಲ್ದಾಣದ ಮಾಪಕ ಗಂಟೆಗೆ 217 ಕಿಲೋಮೀಟರ್ ವೇಗವನ್ನು ದಾಖಲಿಸಿ ಕೆಟ್ಟುನಿಂತಿತು. ಅಂದಿನಿಂದ ಕಟ್ಟಡ ನಿಯಮಗಳು ಬಹಳ ಬಿಗಿಯಾಗಿವೆ. ಆದರೂ 2018ರ ಮಾರ್ಚಿನಲ್ಲಿ ‘ಮಾರ್ಕಸ್’ ಬಂದಾಗ ಸಾವಿರಾರು ಮರಗಳು ಉರುಳಿ, ಅನೇಕ ಮನೆಗಳು ದಿನಗಟ್ಟಲೆ ವಿದ್ಯುತ್ ಇಲ್ಲದೆ ಉಳಿದವು.

ಆ ನೆಲದ ಮೂಲನಿವಾಸಿಗಳಾದ ಲಾರಾಕಿಯಾ ಜನರು ವರ್ಷವನ್ನು ಏಳು ಋತುಗಳಾಗಿ ಗುರುತಿಸುತ್ತಾರೆ: ಎತ್ತರದ ಹುಲ್ಲನ್ನು ಕೆಡವುವ ಕೊನೆಯ ಬಿರುಮಳೆಯ ಕಾಲ, ಬಾರಮಂಡಿ ಮೀನಿನ ಕಾಲ, ದಟ್ಟ ಇಬ್ಬನಿಯ ಕಾಲ, ದೊಡ್ಡ ಗಾಳಿಯ ಕಾಲ ಹೀಗೆ. ‘ವೆಟ್’ (ಮಳೆಗಾಲ), ‘ಡ್ರೈ’ ಎಂಬ ಎರಡೇ ಭಾಗಗಳಿಗಿಂತ ಇದು ಎಷ್ಟೋ ನಿಖರವೆಂದು ನನ್ನ ದೃಢವಾದ ಅಭಿಪ್ರಾಯ.

ತಮ್ಮ ಎರಡನೆಯ ಪ್ರಶ್ನೆಗೆ ಬಂದರೆ, ಆಯ್ಕೆ ತಮ್ಮ ಕೈಯಲ್ಲಿದ್ದರೆ ಮೇ ತಿಂಗಳಲ್ಲಿ ಹೋಗಿ. ಮನೆ ಹುಡುಕಲು, ಊರು ತಿಳಿಯಲು ಹವೆ ಅನುಕೂಲವಾಗಿರುತ್ತದೆ, ಸೆಕೆ ಏರುವ ಹೊತ್ತಿಗೆ ದೇಹವೂ ಹೊಂದಿಕೊಂಡಿರುತ್ತದೆ. ಪ್ರವಾಸಿಗರು ತುಂಬಿರುವ ಕಾಲವಾದ್ದರಿಂದ ತಾತ್ಕಾಲಿಕ ವಸತಿಯನ್ನು ಮಾತ್ರ ಮುಂಚಿತವಾಗಿ ಕಾಯ್ದಿರಿಸಿ. ಅಕ್ಟೋಬರ್ ಅಥವಾ ನವೆಂಬರಿನಲ್ಲೇ ಹೋಗಬೇಕಾಗಿ ಬಂದರೆ, ಮೊದಲ ಕೆಲವು ವಾರ ಹೊರಗಿನ ಓಡಾಟವನ್ನು ಬೆಳಿಗ್ಗೆ ಬೇಗ ಮುಗಿಸಿಕೊಳ್ಳಿ. ಮನೆ ನೋಡುವಾಗ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೊರಹೋಗುವಂತಿದೆಯೇ, ಮಲಗುವ ಕೋಣೆಗಳಲ್ಲೆಲ್ಲ ಫ್ಯಾನ್ ಇದೆಯೇ, ಆ ಜಾಗ ಚಂಡಮಾರುತದ ಸಮಯದಲ್ಲಿ ಕಡಲು ಉಕ್ಕಿ ಬರುವ ವಲಯದೊಳಗಿದೆಯೇ ಎಂಬುದನ್ನು ವಿಚಾರಿಸಿ. ಇನ್ನೊಂದು ಮಾತು: ಸೆಕೆ ತಾಳಲಾರದೆ ಕಡಲಿಗಿಳಿಯಬೇಡಿ. ಅಕ್ಟೋಬರಿನಿಂದ ಮೇವರೆಗೆ ಪ್ರಾಣಾಪಾಯ ತರುವ ಬಾಕ್ಸ್ ಜೆಲ್ಲಿ ಮೀನುಗಳು ತೀರದ ನೀರಿನಲ್ಲಿರುತ್ತವೆ, ಮೊಸಳೆಗಳಂತೂ ವರ್ಷವಿಡೀ ಇರುತ್ತವೆ. ಈಜಲು ಊರಿನ ಸಾರ್ವಜನಿಕ ಕೊಳಗಳನ್ನೇ ಬಳಸಿ.