ಶಾಲು ಇಲ್ಲದ ಸಮ್ಮೇಳನ

ಪತ್ರ: ಮಾನ್ಯ ಸಂಪಾದಕರೇ, ನಾನು ಕನ್ನಡದಲ್ಲಿ ವಿಜ್ಞಾನ ಕತೆ ಬರೆಯುವವನು. ಕೆಲವು ಕತೆಗಳು ಇಂಗ್ಲಿಷಿಗೂ ಹೋಗಿವೆ. ಅದರಿಂದಾಗಿ ಯುರೋಪಿನ ಒಂದು ಊರಿನಲ್ಲಿ ನಡೆದ ವಿಜ್ಞಾನ ಕತೆಗಳ ಅಭಿಮಾನಿಗಳ ಸಮ್ಮೇಳನಕ್ಕೆ ಮಾತಾಡಲು ಕರೆ ಬಂತು. ಆದರೆ ಮಾತಾಡುವ ನನ್ನಿಂದಲೇ ಸದಸ್ಯತ್ವದ ಹಣ ಕಟ್ಟಿಸಿಕೊಂಡರು. ಕೇಳಲು ಬಂದವರು ಮೂವತ್ತು ಜನ. ಬೆನ್ನಿಗೆ ರೆಕ್ಕೆ ಕಟ್ಟಿಕೊಂಡಿದ್ದ ಒಬ್ಬ ಹುಡುಗಿ ಎದ್ದು ನಿಂತು, ‘ನಿಮ್ಮ ಮೊದಲ ಕತೆಯಲ್ಲಿ ನಾಯಕಿ ಎಡಗೈಯಲ್ಲಿ ಬರೆಯುತ್ತಾಳೆ, ಎರಡನೆಯದರಲ್ಲಿ ಬಲಗೈಯಲ್ಲಿ. ಯಾಕೆ?’ ಎಂದು ಕೇಳಿದಳು. ಹಾರ ಇಲ್ಲ, ಶಾಲು ಇಲ್ಲ. ಇಂಥ ಜಾತ್ರೆಗೆ ಲೇಖಕನಾದವನು ಹೋಗಬೇಕೇ? — ಒಬ್ಬ ಲೇಖಕ, ಮೈಸೂರು

ಉತ್ತರ: ಹೋಗಬೇಕು ಸಾರ್. ಮತ್ತೆ ಕರೆದರೆ ಮತ್ತೆ ಹೋಗಬೇಕು.

ದುಡ್ಡಿನ ಮಾತನ್ನು ಮೊದಲು ಮುಗಿಸೋಣ. ಮೈಸೂರಿನಿಂದ ಯುರೋಪಿಗೆ ವಿಮಾನದ ಟಿಕೆಟ್ಟು, ವೀಸಾ, ಹೋಟೆಲ್ಲು ಅಂದರೆ ಸಣ್ಣ ಖರ್ಚಲ್ಲ. ರೂಪಾಯಿಯಲ್ಲಿ ಗಳಿಸುವವರಿಗೆ ಅದರ ಮೇಲೆ ಸದಸ್ಯತ್ವದ ಹಣವೂ ಭಾರವೇ. ದೂರದಿಂದ ಬರುವ ಲೇಖಕರ ಬಗ್ಗೆ ಅಲ್ಲಿಯವರು ಇನ್ನಷ್ಟು ಯೋಚನೆ ಮಾಡಬೇಕು, ಒಪ್ಪುತ್ತೇನೆ.

ಆದರೆ ಆ ಹಣ ಕೇಳಿದ್ದನ್ನು ನೀವು ಅವಮಾನ ಅಂದುಕೊಂಡಿದ್ದೀರಿ. ಅದು ಹಾಗಲ್ಲ. ಈ ಬಗೆಯ ಸಮ್ಮೇಳನಗಳಿಗೆಲ್ಲ ಹಿರಿಯಣ್ಣ ವರ್ಲ್ಡ್‌ಕಾನ್. 1939ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಯಿತು. ಯುದ್ಧದ ನಾಲ್ಕು ವರ್ಷ ಬಿಟ್ಟರೆ ನಿಲ್ಲದೆ ನಡೆದಿದೆ. ಅಲ್ಲಿ ಟಿಕೆಟ್ ಕೊಂಡು ಬರುವ ಪ್ರೇಕ್ಷಕರು ಒಂದು ಕಡೆ, ವೇದಿಕೆಯ ಗಣ್ಯರು ಇನ್ನೊಂದು ಕಡೆ ಎಂಬ ಲೆಕ್ಕವೇ ಇಲ್ಲ. ಎಲ್ಲರೂ ಸದಸ್ಯರು. ಕುರ್ಚಿ ಜೋಡಿಸುವವರು, ಬಾಗಿಲಲ್ಲಿ ಬ್ಯಾಡ್ಜ್ ನೋಡುವವರು, ಮಾತಾಡುವವರು, ಎಲ್ಲರೂ ಹಣ ಕಟ್ಟಿ ಬಂದವರೇ. ಗೌರವ ಅತಿಥಿಗಳಿಗೆ ಮಾತ್ರ ವಿನಾಯಿತಿ. ಸಮ್ಮೇಳನ ನಡೆಸುವವರು ಸಂಬಳ ತೆಗೆದುಕೊಳ್ಳುವುದಿಲ್ಲ. ರಜೆ ಹಾಕಿ ಬಂದು ದುಡಿಯುವ ಓದುಗರು ಅವರು. ಮುಂದಿನ ಸಮ್ಮೇಳನ ಯಾವ ಊರಿನಲ್ಲಿ ಅನ್ನುವುದನ್ನೂ ಸದಸ್ಯರೇ ಮತ ಹಾಕಿ ತೀರ್ಮಾನಿಸುತ್ತಾರೆ. ಒಳ್ಳೆಯ ವಿಜ್ಞಾನ ಕತೆಗಳಿಗೆ ಸಲ್ಲುವ, 1953ರಿಂದ ಇರುವ ಹ್ಯೂಗೋ ಪ್ರಶಸ್ತಿಯನ್ನು ಮತ ಹಾಕಿ ಕೊಡುವವರೂ ಅವರೇ. 2024ರಲ್ಲಿ ವರ್ಲ್ಡ್‌ಕಾನ್ ನಡೆಸಿದ ಗ್ಲಾಸ್ಗೋದವರಿಗೆ ಆ ಮತಗಳಲ್ಲಿ 377 ಅನುಮಾನಕ್ಕೆ ಎಡೆಕೊಟ್ಟವು. ಯಾರೋ ಒಬ್ಬ ಸ್ಪರ್ಧಿಗೆ ಅನುಕೂಲವಾಗಲೆಂದು ಹಾಕಿಸಿದ ಮತಗಳು. ಅವನ್ನು ತೆಗೆದುಹಾಕಿ, ಹಾಗೆ ಮಾಡಿದೆವು ಅಂತ ಪ್ರಶಸ್ತಿ ಕೊಡುವ ಮುಂಚೆಯೇ ಎಲ್ಲರಿಗೂ ತಿಳಿಸಿದರು. ನಮ್ಮಲ್ಲಿ ಒಂದು ಪ್ರಶಸ್ತಿ ಯಾಕೆ ಬಂತು, ಯಾಕೆ ತಪ್ಪಿತು ಅಂತ ಓದುಗರಿಗೆ ಎಂದಾದರೂ ಯಾರಾದರೂ ಲೆಕ್ಕ ಒಪ್ಪಿಸಿದ್ದಾರಾ?

ಇನ್ನು ಜಾತ್ರೆ ಎಂಬ ಮಾತು. ಜಾತ್ರೆಯಂಥವೂ ಇವೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕಾಮಿಕ್ಸ್ ಅಭಿಮಾನಿಗಳು ಸೇರುವ ಕಾಮಿಕ್ ಕಾನ್ 1970ರಲ್ಲಿ ಕೆಲವೇ ನೂರು ಜನರಿಂದ ಶುರುವಾಗಿ ಈಗ ಲಕ್ಷ ದಾಟಿದೆ. ಹೊಸ ಚಿತ್ರಗಳ ಪ್ರಚಾರಕ್ಕೆ ಸಿನಿಮಾ ಕಂಪನಿಗಳೇ ಅಲ್ಲಿಗೆ ಬರುತ್ತವೆ. ನೀವು ಹೋಗಿದ್ದು ಅಂಥ ಕಡೆಗಲ್ಲ.

ಇವೆಲ್ಲ ಹುಟ್ಟಿದ್ದು ಎಲ್ಲಿಂದ ಗೊತ್ತಾ? ಒಂದು ಪತ್ರಿಕೆಯ ಓದುಗರ ಪತ್ರಗಳ ಪುಟದಿಂದ. ಪತ್ರಿಕೆ ನಡೆಸುವ ನನಗೆ ಇದಕ್ಕಿಂತ ಹೆಮ್ಮೆಯ ಸಂಗತಿ ಇನ್ನೊಂದಿಲ್ಲ. ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬವರು 1926ರಲ್ಲಿ ನ್ಯೂಯಾರ್ಕಿನಲ್ಲಿ ವಿಜ್ಞಾನ ಕತೆಗಳ ಮಾಸಪತ್ರಿಕೆ ಶುರು ಮಾಡಿದರು. ಪತ್ರ ಬರೆದವರ ಹೆಸರಿನ ಜೊತೆ ಪೂರ್ತಿ ವಿಳಾಸವನ್ನೂ ಅಚ್ಚು ಮಾಡುತ್ತಿದ್ದರು. ಆಗ ಏನಾಯಿತು? ಓದುಗರು ಸಂಪಾದಕರನ್ನು ಬಿಟ್ಟು ಒಬ್ಬರಿಗೊಬ್ಬರು ನೇರವಾಗಿ ಬರೆದುಕೊಳ್ಳಲು ಶುರು ಮಾಡಿದರು. ಹೆಚ್ಚಿನವರು ಹದಿಹರೆಯದ ಹುಡುಗರು. ಊರೂರಿನಲ್ಲಿ ಸಂಘ ಕಟ್ಟಿದರು, ಕೈಯಲ್ಲೇ ಮುದ್ರಿಸಿದ ಪುಟ್ಟ ಪತ್ರಿಕೆಗಳನ್ನು ಅಂಚೆಯಲ್ಲಿ ಹಂಚಿಕೊಂಡರು. 1937ರ ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಒಂದಿಪ್ಪತ್ತು ಜನ ಸೇರಿದರು. ಅವರಲ್ಲಿ ಹತ್ತೊಂಬತ್ತರ ಆರ್ಥರ್ ಸಿ. ಕ್ಲಾರ್ಕ್ ಇದ್ದರು. ಕತೆಗಾರ ಕ್ಲಾರ್ಕ್ ಅಲ್ಲ, ಬರೀ ಓದುಗ ಕ್ಲಾರ್ಕ್.

1939ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಸೇರಿದವರು ಸುಮಾರು ಇನ್ನೂರು. ಲಾಸ್ ಏಂಜಲಿಸ್‌ನಿಂದ ಹದಿನೆಂಟರ ರೇ ಬ್ರಾಡ್‌ಬರಿ ಬಸ್ಸಿನಲ್ಲಿ ಬಂದಿದ್ದರು. ಆ ಬಸ್ಸಿನ ದುಡ್ಡನ್ನು ಸಾಲ ಕೊಟ್ಟವರು ಇನ್ನೊಬ್ಬ ಓದುಗರು, ಫಾರೆಸ್ಟ್ ಅಕರ್ಮನ್. ಬರುವಾಗ ಬ್ರಾಡ್‌ಬರಿ ಗೆಳೆಯನೊಬ್ಬ ಬರೆದ ಚಿತ್ರಗಳನ್ನು ತಂದಿದ್ದರು. ಅವನ್ನು ಅಲ್ಲಿಯ ಸಂಪಾದಕರಿಗೆ ತೋರಿಸಿ ಗೆಳೆಯನಿಗೆ ಕೆಲಸ ಕೊಡಿಸಿದರು. ಬ್ರಾಡ್‌ಬರಿಯವರ ಸ್ವಂತ ಕತೆಗೆ ದುಡ್ಡು ಸಿಕ್ಕಿದ್ದು ಎರಡು ವರ್ಷ ಆದ ಮೇಲೆ. ಅದೇ ಸಮ್ಮೇಳನಕ್ಕೆ ಅಕರ್ಮನ್ ಮತ್ತು ಅವರ ಗೆಳತಿ ಮುಂದಿನ ಕಾಲದವರ ಹಾಗೆ ವೇಷ ಹಾಕಿಕೊಂಡು ಬಂದಿದ್ದರು. ಬಟ್ಟೆ ಹೊಲಿದವರು ಆ ಗೆಳತಿಯೇ. ನೀವು ಕಂಡ ರೆಕ್ಕೆಯ ಹುಡುಗಿಗೆ ದಾರಿ ಹಾಕಿಕೊಟ್ಟವರು ಇವರು. ಜಗಳವೂ ಆಯಿತು. ಎದುರಾಳಿ ಗುಂಪಿನ ಆರು ಜನರನ್ನು ಒಳಗೆ ಬಿಡಲಿಲ್ಲ. ಮುಂದೆ ದೊಡ್ಡ ಲೇಖಕರಾದ ಫ್ರೆಡರಿಕ್ ಪೋಲ್ ಆ ಆರು ಜನರಲ್ಲಿ ಒಬ್ಬರು. ಓದುವವರು ಸೇರಿದ ಕಡೆ ಜಗಳ ಇದ್ದೇ ಇರುತ್ತದೆ, ಅಲ್ವಾ?

ಇಂಥ ಜನರ ನಡುವಿನಿಂದಲೇ ಆ ಹುಡುಗಿ ಎದ್ದು ನಿಂತಿದ್ದು. ನಿಮ್ಮ ಪತ್ರದಲ್ಲಿ ನನಗೆ ಬೇಸರ ತಂದಿದ್ದು ಇದೊಂದೇ ಸಾಲು. ನಿಮ್ಮ ನಾಯಕಿ ಯಾವ ಕೈಯಲ್ಲಿ ಬರೆಯುತ್ತಾಳೆ ಅನ್ನುವುದನ್ನು, ಕನ್ನಡದ ಒಂದಕ್ಷರವೂ ಗೊತ್ತಿಲ್ಲದ ಒಬ್ಬ ಹುಡುಗಿ ಎರಡು ಕತೆಗಳ ಉದ್ದಕ್ಕೂ ನೆನಪಿಟ್ಟುಕೊಂಡಿದ್ದಾಳೆ! ನಿಮ್ಮ ಕತೆಗಳನ್ನು ನಾನು ಓದಿದ್ದೇನೆ. ಅಷ್ಟು ಗಮನಕ್ಕೆ ಅವು ಯೋಗ್ಯವಾಗಿವೆ. ಆ ಗಮನ ನಿಮಗೆ ಸಿಕ್ಕಿತು. ಅದನ್ನು ತಪ್ಪು ಹುಡುಕುವ ಕೆಲಸ ಅಂತ ಯಾಕೆ ತಿಳಿದುಕೊಂಡಿರಿ? ಇಂಥ ಸಮ್ಮೇಳನಗಳಲ್ಲಿ ಲೇಖಕರೊಡನೆ ಕಾಫಿ ಕುಡಿಯುವ ಕಾರ್ಯಕ್ರಮವೂ ಇರುತ್ತದೆ. ಒಂದು ಮೇಜು, ಸುತ್ತ ಎಂಟು ಹತ್ತು ಓದುಗರು, ಒಬ್ಬ ಲೇಖಕ. ಮೊದಲೇ ಹೆಸರು ಬರೆಸಿದವರಿಗೆ ಮಾತ್ರ ಜಾಗ. ಮುಂದಿನ ಸಲ ಅದನ್ನೂ ಕೇಳಿ ಪಡೆಯಿರಿ. ಮೂವತ್ತು ಜನ ಜಾಸ್ತಿಯೇ ಆಯಿತು ಅಂತ ಆಗ ಅನ್ನಿಸುತ್ತದೆ.

1953ರಲ್ಲಿ ಅಲ್ಲಿನ ಓದುಗರು ಒಂದು ನಿಧಿ ಕಟ್ಟಿದರು. ಪ್ರತಿಯೊಬ್ಬರೂ ಒಂದಿಷ್ಟು ಹಾಕಿ, ಮತ ಹಾಕಿ ಒಬ್ಬರನ್ನು ಆರಿಸಿ, ಅಟ್ಲಾಂಟಿಕ್ ದಾಟಿಸಿ ಆಚೆಯ ಸಮ್ಮೇಳನಕ್ಕೆ ಕಳಿಸುವುದು. ಕಳಿಸುವುದು ಹೆಸರಾಂತ ಲೇಖಕರನ್ನಲ್ಲ, ಎಲ್ಲರೂ ಮೆಚ್ಚಿದ ಒಬ್ಬ ಅಭಿಮಾನಿಯನ್ನು! ಆ ನಿಧಿ ಇವತ್ತಿಗೂ ನಡೆಯುತ್ತಿದೆ.

ಓದುಗರನ್ನು ಹುಡುಕಿಕೊಂಡು ಹೋಗುವುದು ನಮಗೆ ಹೊಸದೇನಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕಾರಂತರು ಬಂದ ಪತ್ರಗಳಿಗೆ ತಪ್ಪದೆ ಉತ್ತರ ಬರೆಯುತ್ತಿದ್ದರು. ಆ ಕಾರ್ಡುಗಳನ್ನು ಜೋಪಾನವಾಗಿ ಇಟ್ಟುಕೊಂಡ ಮನೆಗಳು ಈಗಲೂ ಇವೆ. ಆಮೇಲೆ ನಾವು ವೇದಿಕೆಯನ್ನು ಎತ್ತರ ಮಾಡುತ್ತಾ ಹೋದೆವು. ಪ್ರಾರ್ಥನೆ, ಸ್ವಾಗತ, ದೀಪ, ಆಶಯ ನುಡಿ, ಹಾರ, ಶಾಲು, ಸ್ಮರಣಿಕೆ. ವೇದಿಕೆಯ ಮೇಲೆ ಕೂತವರ ಹೆಸರು ಹೇಳುವುದಕ್ಕೇ ಅರ್ಧ ಗಂಟೆ ಬೇಕು. ದಾವಣಗೆರೆಯಿಂದ ರಾತ್ರಿ ಬಸ್ಸಿನಲ್ಲಿ ಬಂದ ಹೆಣ್ಣುಮಗಳು ಲೇಖಕರನ್ನು ಒಂದು ಮಾತು ಕೇಳಬೇಕು ಅಂತ ಕಾಯುತ್ತಾ ಕೂತಿರುತ್ತಾಳೆ. ನಿರೂಪಕರು ಮೈಕ್ ಹಿಡಿದು, ಸಮಯದ ಅಭಾವದಿಂದ ಸಂವಾದವನ್ನು ಕೈಬಿಡಲಾಗಿದೆ ಎನ್ನುತ್ತಾರೆ. ವಂದನಾರ್ಪಣೆಗೆ ಮಾತ್ರ ಸಮಯ ಸಿಗುತ್ತದೆ. ಪತ್ರಿಕೆಗಳ ಕತೆಯೂ ಅಷ್ಟೇ. ಜಾಹೀರಾತು ಬಂತು ಅಂದರೆ ಮೊದಲು ಹೋಗುವುದು ಓದುಗರ ಪತ್ರಗಳ ಪುಟ. ನಮ್ಮಲ್ಲಿ ಹಾಗಾಗಲು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಈ ಮೈಸೂರು, ಬೆಂಗಳೂರು, ಧಾರವಾಡದ ಗೋಷ್ಠಿಗಳಿಗೆ ನಿಮ್ಮನ್ನು ಕರೆಯುತ್ತಲೇ ಇರುತ್ತಾರೆ. ಒಪ್ಪುವ ಮುಂಚೆ ಒಂದು ಮಾತು ಕೇಳಿ: ಪ್ರಶ್ನೆಗಳಿಗೆ ಎಷ್ಟು ಹೊತ್ತು ಇಟ್ಟಿದ್ದೀರಿ? ಅರ್ಧ ಗಂಟೆಗಿಂತ ಕಡಿಮೆ ಅಂದರೆ ಬರುವುದಿಲ್ಲ ಅನ್ನಿ. ನಾನು ಹಾಗೇ ಹೇಳುತ್ತಾ ಬಂದಿದ್ದೇನೆ. ಕರೆಯುವವರು ಕಡಿಮೆಯಾಗಿದ್ದಾರೆ, ನಿಜ. ಆದರೆ ಕರೆದ ಕಡೆಯಲ್ಲಿ ಜನ ಹೊತ್ತಾದರೂ ಎದ್ದು ಹೋಗುವುದಿಲ್ಲ.